ಪಿಕಲ್‌ಬಾಲ್ ಟೀಮ್ ಟೂರ್ನಿ: 2-2 ಆದರೆ ಗೆದ್ದವರು ಯಾರು? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ನಮ್ಮ ಕ್ಲಬ್‌ನಲ್ಲಿ ಮುಂದಿನ ತಿಂಗಳು ಪಿಕಲ್‌ಬಾಲ್‌ನ (ಪ್ಯಾಡಲ್‌ನಿಂದ ತೂತುಗಳಿರುವ ಪ್ಲಾಸ್ಟಿಕ್ ಚೆಂಡು ಹೊಡೆಯುವ ಆಟ) ಒಂದು ದಿನದ ಟೀಮ್ ಟೂರ್ನಿ ಇಟ್ಟುಕೊಂಡಿದ್ದೇವೆ. ಜವಾಬ್ದಾರಿ ನನ್ನದು. ಎಂಟು ಟೀಮ್ ಬರುತ್ತಿವೆ, ಸಾಗರ, ತೀರ್ಥಹಳ್ಳಿಯವರೂ ಇದ್ದಾರೆ. ಟೀಮ್‌ಗೆ ಇಬ್ಬರು ಗಂಡಸರು, ಇಬ್ಬರು ಹೆಂಗಸರು.

ನಮ್ಮ ಮಳೆ ನಂಬೋ ಹಾಗಿಲ್ಲ, ಅಲ್ವಾ? ಅದಕ್ಕೇ ಒಳಗಿನ ಎರಡು ಬ್ಯಾಡ್ಮಿಂಟನ್ ಕೋರ್ಟ್‌ನಲ್ಲೇ ಆಟ. ಕೋರ್ಟ್ ಅಳತೆ ಎರಡೂ ಆಟಕ್ಕೆ ಒಂದೇ, 20 ಅಡಿಗೆ 44 ಅಡಿ. ಆದರೆ ಕಿಚನ್ (ಚೆಂಡು ನೆಲಕ್ಕೆ ಬೀಳುವ ಮೊದಲೇ ಹೊಡೆಯಬಾರದ ನೆಟ್ ಪಕ್ಕದ ಜಾಗ) ಗೆರೆ ನೆಟ್‌ನಿಂದ 7 ಅಡಿಗೆ ಬರಬೇಕು, ಬ್ಯಾಡ್ಮಿಂಟನ್ ಸರ್ವಿಸ್ ಗೆರೆ ಆರೂವರೆ ಅಡಿಗೇ ಇದೆ. ಅರ್ಧ ಅಡಿ ಹಿಂದಕ್ಕೆ ಹಳದಿ ಟೇಪ್ ಅಂಟಿಸಿದ್ದೇವೆ. ನೆಟ್ ನಡುವೆ 34 ಇಂಚಿಗೆ ಇಳಿಸಿದ್ದೂ ಆಯ್ತು.

ಸಿಕ್ಕಿಕೊಂಡಿರೋದು ಲೆಕ್ಕದಲ್ಲಿ. ಒಂದು ಮುಖಾಮುಖಿಗೆ ನಾಲ್ಕು ಗೇಮ್: ಗಂಡಸರ ಡಬಲ್ಸ್, ಹೆಂಗಸರ ಡಬಲ್ಸ್, ಎರಡು ಮಿಕ್ಸೆಡ್. ಎಲ್ಲ 11 ಪಾಯಿಂಟ್‌ಗೆ. ಎಲ್ಲರೂ ಎಲ್ಲರ ಜೊತೆ ಆಡಿದರೆ 112 ಗೇಮ್, ಒಂದು ದಿನಕ್ಕೆ ಆಗದ ಮಾತು. ನಾಲ್ಕು ನಾಲ್ಕು ಟೀಮ್‌ನ ಎರಡು ಗುಂಪು ಮಾಡಿದರೆ 48. ಗೇಮ್‌ಗೆ ಕಾಲು ಗಂಟೆ ಹಿಡಿದರೂ ಎರಡು ಕೋರ್ಟ್‌ನಲ್ಲಿ ಆರು ಗಂಟೆ, ಮೇಲೆ ಸೆಮಿಫೈನಲ್, ಫೈನಲ್.

ಮೊನ್ನೆ ನಮ್ಮವರಲ್ಲೇ ಆಡಿ ನೋಡಿದೆವು. ಎರಡು ಸಲ 2-2 ಆಯಿತು. ಒಟ್ಟು ಪಾಯಿಂಟ್ ನೋಡಿ ತೀರ್ಮಾನ ಹೇಳಿದೆ. ಸೋತ ಟೀಮ್‌ನವರು ಮಾತಾಡದೆ ಬ್ಯಾಗ್ ಎತ್ತಿಕೊಂಡು ಹೋದರು, ನನಗೆ ಬಹಳ ಬೇಜಾರಾಯಿತು. ನಾಲ್ವರೂ ಸರದಿಯಲ್ಲಿ ಆಡುವ 21 ಪಾಯಿಂಟ್‌ನ ಸಿಂಗಲ್ಸ್ ಇಡೋಣ ಎಂದರೆ ಹೊತ್ತು ಸಾಲಲ್ಲ, ದೂರದವರು ಸಂಜೆ ಬಸ್ ಹಿಡಿಯಬೇಕು.

ಟೀಮ್ ಟೂರ್ನಿ ನಡೆಸಿದವರು ದಯವಿಟ್ಟು ಹೇಳಿ: ಗುಂಪಿನ ಹಂತದಲ್ಲಿ 2-2 ಆದರೆ ಡ್ರಾ ಅಂತ ಬಿಟ್ಟು, ಸಿಂಗಲ್ಸ್ ಅನ್ನು ಸೆಮಿಫೈನಲ್‌ನಿಂದ ಮಾತ್ರ ಇಟ್ಟರೆ ಸರಿಹೋಗುತ್ತಾ?