ಬೇಸಿಗೆ ಬಂತು, ಜರ್ಮೇನಿಯಂ ಫಜ್ ಪೆಡಲ್ ಕೈಕೊಟ್ಟಿತು. ಏನು ಮಾಡಲಿ?

ಮಹಡಿ ಕೋಣೆ:

ಎಲ್ಲರಿಗೂ ನಮಸ್ಕಾರ. ರಾಜಾಜಿನಗರದಲ್ಲಿ ನಮ್ಮ ಮನೆ ಮಹಡಿ ಮೇಲೆ ಶೀಟ್ ಹಾಕಿದ ಸಣ್ಣ ಕೋಣೆ ಇದೆ, ಅಲ್ಲೇ ಕೂತು ಗಿಟಾರ್ ಫಜ್ ಪೆಡಲ್ (ಗಿಟಾರ್ ಸದ್ದನ್ನು ಒರಟಾಗಿ, ದಪ್ಪಗೆ ಮಾಡುವ, ಕಾಲಲ್ಲಿ ಒತ್ತುವ ಡಬ್ಬಿ) ಮಾಡುತ್ತೇನೆ. 1966ರಲ್ಲಿ ಲಂಡನ್ನಿನ ಅರ್ಬಿಟರ್ ಕಂಪನಿ ತಂದ ಫಜ್ ಫೇಸ್ ಸರ್ಕ್ಯೂಟ್. ಎರಡು ಜರ್ಮೇನಿಯಂ ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕೆಪಾಸಿಟರ್, ಎರಡು ಪಾಟ್ (ತಿರುಗಿಸುವ ಗುಬ್ಬಿ), ಅಷ್ಟೇ. ಅದರಲ್ಲಿದ್ದ ಎನ್‌ಕೆಟಿ275 ಟ್ರಾನ್ಸಿಸ್ಟರ್ ಈಗ ನನ್ನ ಕೈಗೆ ಎಟುಕುವುದಲ್ಲ. ಎಸ್‌ಪಿ ರೋಡಿನಲ್ಲಿ, ಭಾನುವಾರ ಬೆಳಗ್ಗೆ ಬಿವಿಕೆ ಅಯ್ಯಂಗಾರ್ ರಸ್ತೆ ಸಂತೆಯಲ್ಲಿ ಹಳೇ ರೇಡಿಯೋ ಬೋರ್ಡ್ ಹುಡುಕಿ, ಅದರಿಂದ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಎಸಿ128 ಟ್ರಾನ್ಸಿಸ್ಟರ್ ಬಿಚ್ಚಿ ಹಾಕುತ್ತೇನೆ. ನಮ್ಮೂರಿನ ಕಂಪನಿಯ ಟ್ರಾನ್ಸಿಸ್ಟರ್ ಹಾಕಿದ ಪೆಡಲ್ ಅನ್ನುವುದೇ ನನಗೆ ದೊಡ್ಡ ಖುಷಿ.

ಡಿಸೆಂಬರ್‌ನಲ್ಲಿ ಆರು ಪೆಡಲ್ ಮಾಡಿ ಮಾರಿದೆ. ಆಗ ಸದ್ದು ದಪ್ಪಗೆ, ಎಳೆದಷ್ಟು ಹೊತ್ತು ನಿಲ್ಲುತ್ತಿತ್ತು. ಗಿಟಾರ್ ವಾಲ್ಯೂಮ್ ಸ್ವಲ್ಪ ಇಳಿಸಿದರೆ ಸಾಕು, ಸ್ವರ ತಿಳಿಯಾಗುತ್ತಿತ್ತು. ಮೊನ್ನೆ ಒಂದು ವಾಪಸ್ ಬಂತು. ತಂತಿ ಮೀಟಿದರೆ ಮೊದಲು ಗರ್ ಅನ್ನುತ್ತದೆ, ಆಮೇಲೆ ಸ್ವರ ಹರಿದು ಹರಿದು ಥಟ್ ಅಂತ ಸತ್ತುಹೋಗುತ್ತದೆ. ಎರಡನೇ ಟ್ರಾನ್ಸಿಸ್ಟರ್ ಕಲೆಕ್ಟರ್‌ನಲ್ಲಿ ಆಗ 4.5 ವೋಲ್ಟ್ ಇಟ್ಟಿದ್ದೆ, ಈಗ 7.2 ಇದೆ. ಆ ಕಲೆಕ್ಟರ್ ಕಾಲಿಗೆ ಸೇರಿದ 8.2ಕೆ (ಕಿಲೋ ಓಮ್) ರೆಸಿಸ್ಟರ್ ತೆಗೆದು ಪ್ರೀಸೆಟ್ (ತಿರುಗಿಸಿ ಬದಲಿಸುವ ಸಣ್ಣ ರೆಸಿಸ್ಟರ್) ಹಾಕಿ ಸರಿಮಾಡಿದರೆ ಸಾಕಾ? ದುಡ್ಡು ಕೊಟ್ಟು ತಗೊಂಡವರಿಗೆ ಅರೆಬರೆ ಕೆಲಸ ಕೊಡಲು ಮನಸ್ಸಿಲ್ಲ.

ತಂತಿ ಮೂಲೆ:

ಪ್ರೀಸೆಟ್ ಹಾಕಬೇಡಿ ಅನ್ನುವುದಿಲ್ಲ, ಆದರೆ ಇಲ್ಲಿ ಅದು ತೇಪೆ ಹಾಕಿದಂತೆ. ಲೆಕ್ಕ ನೋಡಿ. 7.2 ವೋಲ್ಟ್ ಇದೆ ಅಂದರೆ ಎರಡನೇ ಟ್ರಾನ್ಸಿಸ್ಟರ್‌ನಲ್ಲಿ ಹರಿಯುತ್ತಿರುವುದು ಸುಮಾರು 0.2 ಮಿಲಿಆಂಪ್. ಅದನ್ನು 4.5ಕ್ಕೆ ತರಲು 8.2ಕೆ ಜಾಗದಲ್ಲಿ 20ಕೆ ಬೇಕು. ಔಟ್‌ಪುಟ್ ತೆಗೆಯುವುದು 470 ಓಮ್ ಮೇಲಿಂದ, ಅಲ್ವಾ? ಹಾಗಾಗಿ ಸದ್ದು ಅರ್ಧಕ್ಕಿಂತ ಕಡಿಮೆಯಾಗುತ್ತದೆ.

ತಪ್ಪು ಇರುವುದು ಮೊದಲನೇ ಟ್ರಾನ್ಸಿಸ್ಟರ್‌ನಲ್ಲಿ. ಜರ್ಮೇನಿಯಂ ಲೀಕೇಜ್ (ಸಿಗ್ನಲ್ ಇಲ್ಲದಿದ್ದರೂ ಸೋರುವ ಕರೆಂಟ್) ಬಿಸಿ 10 ಡಿಗ್ರಿ ಏರಿದಾಗಲೆಲ್ಲ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಮೊದಲನೆಯದಕ್ಕೆ ಕರೆಂಟ್ ಬರುವುದು 33ಕೆ ಮೂಲಕ, 9 ವೋಲ್ಟಿಗೆ ಅದು 0.27 ಮಿಲಿಆಂಪ್ ದಾಟುವುದೇ ಇಲ್ಲ. ಲೀಕೇಜೇ ಅದರಲ್ಲಿ ಮುಕ್ಕಾಲು ತಿಂದರೆ ಎರಡನೆಯದಕ್ಕೆ ಏನು ಉಳಿಯುತ್ತದೆ?

ಮಲ್ಟಿಮೀಟರಿನ ಎಚ್‌ಎಫ್‌ಇ ತೂತು (ಗೇನ್, ಅಂದರೆ ಟ್ರಾನ್ಸಿಸ್ಟರ್ ಕರೆಂಟನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಅಂತ ಅಳೆಯುವುದು) ನಂಬಬೇಡಿ, ಅದು ಲೀಕೇಜನ್ನೂ ಗೇನ್ ಅಂತ ಸೇರಿಸಿ ತೋರಿಸುತ್ತದೆ. ಹೀಗೆ ಮಾಡಿ: 9 ವೋಲ್ಟ್ ಬ್ಯಾಟರಿ, ಟ್ರಾನ್ಸಿಸ್ಟರಿನ ಎಮಿಟರ್ ಕಾಲು ಪ್ಲಸ್‌ಗೆ, ಕಲೆಕ್ಟರ್‌ನಿಂದ ಮೈನಸ್‌ಗೆ 2.2ಕೆ ಮತ್ತು 270 ಓಮ್ ಸೀರೀಸ್‌ನಲ್ಲಿ. ಬೇಸ್ ಎಲ್ಲಿಗೂ ಮುಟ್ಟಿಸದೆ ಆ ಎರಡು ರೆಸಿಸ್ಟರ್ ಮೇಲೆ ವೋಲ್ಟ್ ನೋಡಿ, ಅದು ಲೀಕೇಜ್. ಆಮೇಲೆ ಬೇಸ್‌ನಿಂದ ಮೈನಸ್‌ಗೆ 2.2 ಮೆಗ್ ಕೊಟ್ಟು ಮತ್ತೆ ನೋಡಿ. ಎರಡನೇ ಅಂಕಿಯಿಂದ ಮೊದಲನೆಯದನ್ನು ಕಳೆದು 100ರಿಂದ ಗುಣಿಸಿದರೆ ನಿಜವಾದ ಗೇನ್. ಮೊದಲನೆಯದಕ್ಕೆ 70-80, ಎರಡನೆಯದಕ್ಕೆ 110-130 ಇದ್ದರೆ ಚೆನ್ನ.

ಹಳೇ ರೇಡಿಯೋ:

ಒಂದು ಮಾತು ಸೇರಿಸುತ್ತೇನೆ. ನಾನು ರೇಡಿಯೋ ರಿಪೇರಿ ಮಾಡಿಕೊಂಡು ಬದುಕಿದವನು. ಬಿಇಎಲ್ 1962ರಲ್ಲೇ ಜರ್ಮೇನಿಯಂ ಶುರು ಮಾಡಿತು, ಆ ಮಾಲು ನನ್ನ ಕೈಯಲ್ಲಿ ಬೇಕಾದಷ್ಟು ಓಡಾಡಿದೆ. ಎಸಿ128 ಇದ್ದದ್ದು ಸ್ಪೀಕರ್ ಓಡಿಸುವ ಔಟ್‌ಪುಟ್ ಜಾಗದಲ್ಲಿ, ಅಲ್ಲಿ ಸ್ವಲ್ಪ ಲೀಕ್ ಇದ್ದರೂ ಸೆಟ್ ಹಾಡುತ್ತಿತ್ತು. ಫಜ್ ಹಾಗಲ್ಲ ಅಂತ ನೀವು ಬರೆದದ್ದು ಓದಿ ಗೊತ್ತಾಯಿತು.

ಅಳೆಯುವಾಗ ಟ್ರಾನ್ಸಿಸ್ಟರ್ ಮೈ ಮುಟ್ಟಬೇಡಿ ಮರಿ. ಎರಡು ಬೆರಳಲ್ಲಿ ಹಿಡಿದು ಮೀಟರ್ ನೋಡಿ, ಅಂಕಿ ಮೆಲ್ಲಗೆ ಏರುತ್ತಾ ಹೋಗುತ್ತದೆ. ಬಿಟ್ಟರೆ ಇಳಿಯುತ್ತದೆ, ಆದರೆ ಸುಮಾರು ಹೊತ್ತು ಬೇಕು. ತಂತಿಯಿಂದಲೇ ಹಿಡಿದು ಸಿಕ್ಕಿಸಿ, ಒಂದು ಟೀ ಕುಡಿದು ಬಂದು ಅಂಕಿ ಬರೆದುಕೊಳ್ಳಿ. ಬೆಸುಗೆ ಹಾಕುವಾಗ ಕಾಲನ್ನು ಗಿಡ್ಡ ಮಾಡಬೇಡಿ, ಮೈ ಮತ್ತು ಐರನ್ ನಡುವೆ ಕ್ರೊಕೊಡೈಲ್ ಕ್ಲಿಪ್ ಕಚ್ಚಿಸಿ. ಬೋರ್ಡಿನಿಂದ ಕೀಳುವಾಗಲೇ ಜಾಸ್ತಿ ಬಿಸಿ ತಿಂದು ಹಾಳಾಗುವುದು. ನಾನಾದರೆ ಸಾಕೆಟ್ ಹಾಕುತ್ತೇನೆ.

ಒಂಬತ್ತು ವೋಲ್ಟ್:

ವೇದಿಕೆಯಲ್ಲಿ ಬಿಸಿ ಲೈಟ್ ಕೆಳಗೆ ನುಡಿಸುವವರಿಗೆ ಸಿಲಿಕಾನ್ ಟ್ರಾನ್ಸಿಸ್ಟರಿನ ಪೆಡಲ್ ಒಂದನ್ನೂ ಮಾಡಿ. ಮುಂದೆ ಫಜ್ ಫೇಸ್‌ನಲ್ಲೇ ಬಿಸಿ108ಸಿ, ಬಿಸಿ183ಎಲ್ ಅನ್ನುವ ಸಿಲಿಕಾನ್ ಟ್ರಾನ್ಸಿಸ್ಟರ್ ಬಂದವು. ಬಿಸಿ148 ಅದೇ ಬಿಸಿ108ರ ಪ್ಲಾಸ್ಟಿಕ್ ರೂಪ, ಹಳೇ ಬೋರ್ಡ್‌ಗಳಲ್ಲಿ ಇನ್ನೂ ಸಿಗುತ್ತದೆ. ಎನ್‌ಪಿಎನ್ (ಮೈನಸ್ ಗ್ರೌಂಡ್ ಬಗೆ) ಆದ್ದರಿಂದ ಬೇರೆ ಪೆಡಲ್‌ಗಳ ಜೊತೆ ಒಂದೇ ಅಡಾಪ್ಟರ್‌ಗೆ ಹಾಕಬಹುದು, ನಿಮ್ಮ ಪ್ಲಸ್ ಗ್ರೌಂಡ್ ಪೆಡಲನ್ನು ಹಾಗೆ ಹಾಕಲಾಗದು. ಸದ್ದು ಮಾತ್ರ ಹರಿತ, ಜರ್ಮೇನಿಯಂನ ಆ ಮೆತ್ತಗಿನ ಅಂಚು ಬರಲ್ಲ.

ಮಹಡಿ ಕೋಣೆ:

ಇವತ್ತು ಮಧ್ಯಾಹ್ನ ಕೂತು ಡಬ್ಬಿಯಲ್ಲಿದ್ದ 18 ಟ್ರಾನ್ಸಿಸ್ಟರನ್ನೂ ಅಳೆದೆ. ಕೋಣೆ 34 ಡಿಗ್ರಿ. ಡಿಸೆಂಬರ್‌ನಲ್ಲಿ 21 ಇತ್ತು ಅಂತ ನನ್ನ ನೋಟ್‌ಬುಕ್‌ನಲ್ಲಿದೆ. ವಾಪಸ್ ಬಂದ ಪೆಡಲಿನ ಮೊದಲನೇ ಟ್ರಾನ್ಸಿಸ್ಟರ್: ಲೀಕೇಜ್ 0.52 ವೋಲ್ಟ್, ಅಂದರೆ 0.21 ಮಿಲಿಆಂಪ್. ತಂತಿ ಮೂಲೆ ಸರ್ ಹೇಳಿದ ಮುಕ್ಕಾಲು ಭಾಗ ಹೌದು. ಗೇನ್ ಮಾತ್ರ 85, ಅದನ್ನು ನೋಡಿಯೇ ನಾನು ಮೋಸ ಹೋದದ್ದು. 18ರಲ್ಲಿ ಮೊದಲನೇ ಜಾಗಕ್ಕೆ ಒಪ್ಪುವುದು ಐದೇ ಸಿಕ್ಕಿತು. ಒಂದು 0.12 ವೋಲ್ಟ್ ಲೀಕೇಜ್, ಗೇನ್ 72. ಅದನ್ನು ಹಾಕಿ, ಎರಡನೆಯದನ್ನು ಹಾಗೇ ಬಿಟ್ಟು, ಬ್ಯಾಟರಿ ಕೊಟ್ಟೆ. ಇದೇ 34 ಡಿಗ್ರಿಯಲ್ಲಿ ಕಲೆಕ್ಟರ್ 4.8! ಕೆಳಗಿನ ಇ ತಂತಿ ಮೀಟಿದೆ, ಸ್ವರ ಕೊನೆವರೆಗೂ ಹರಿಯದೆ ನಿಂತಿತು. ಕಣ್ಣಲ್ಲಿ ನೀರು ಬಂತು, ನಿಜವಾಗಿ.

ಉಳಿದ ಐದು ಜನಕ್ಕೂ ಫೋನ್ ಮಾಡಿ ಪೆಡಲ್ ತಂದುಕೊಡಿ, ಪುಕ್ಕಟೆ ಬದಲಿಸಿ ಕೊಡುತ್ತೇನೆ ಅಂದಿದ್ದೇನೆ. ಸಾಕೆಟ್ ಹಾಕಿ, ಪ್ರೀಸೆಟ್ 10ಕೆ ಒಂದನ್ನು ಸಣ್ಣಪುಟ್ಟ ತಿದ್ದುವುದಕ್ಕೆ ಇಡುತ್ತೇನೆ. ಐದಕ್ಕೆ ಟ್ರಾನ್ಸಿಸ್ಟರ್ ನಾಲ್ಕೇ ಉಳಿದಿವೆ. ಈ ಭಾನುವಾರ ಮತ್ತೆ ಸಂತೆಗೆ ಹೋಗುತ್ತೇನೆ, ಬ್ಯಾಟರಿ, ರೆಸಿಸ್ಟರ್, ಮೀಟರ್ ಚೀಲದಲ್ಲಿ ಹಾಕಿಕೊಂಡೇ.