ಅಪ್‌ಡೇಟ್: ಫ್ಲಡ್‌ಲೈಟ್ ಮುಟ್ಟಿದರೆ ಜುಮ್ ಅನ್ನುತ್ತಿದ್ದ ಸಮಸ್ಯೆ

ಸ್ಟ್ಯಾಂಡ್ ಮೇಲಿನ 50 ವ್ಯಾಟ್ ಎಲ್‌ಇಡಿ ಫ್ಲಡ್‌ಲೈಟಿನ ಲೋಹದ ಬಾಡಿ ಮುಟ್ಟಿದರೆ ಜುಮ್ ಅನ್ನುತ್ತದೆ, ಏಕೆ ಎಂದು ಕೇಳಿದ್ದೆ. ಅರ್ಥಿಂಗ್ ನೋಡಿ ಎಂದವರ ಮಾತೇ ನಿಜ. ಕೇಬಲ್ಲಿನ ಹಸಿರು ಅರ್ಥ್ ವೈರು ಗ್ಲ್ಯಾಂಡಿನ (ಕೇಬಲ್ ಬಾಡಿಯೊಳಗೆ ಹೋಗುವಲ್ಲಿ ಅದನ್ನು ಬಿಗಿಹಿಡಿಯುವ ಬಿಡಿಭಾಗ) ಒಳಗೆ ತುಂಡಾಗಿತ್ತು. ಗ್ಲ್ಯಾಂಡ್ ಸಡಿಲವಿದ್ದು, ಪ್ರತಿ ಸಲ ಲೈಟ್ ಎಳೆದಾಗ ಭಾರವೆಲ್ಲ ಆ ವೈರಿನ ಮೇಲೆ ಬೀಳುತ್ತಿತ್ತು.

ಹೊಸದಾಗಿ 1.5 ಚದರ ಮಿ.ಮೀ. ಮೂರು ಕೋರ್ ತಾಮ್ರದ ಫ್ಲೆಕ್ಸಿಬಲ್ ಕೇಬಲ್, 6 ಆಂಪಿಯರ್ ತ್ರೀ ಪಿನ್ ಪ್ಲಗ್ ಹಾಕಿದೆ. ಬಾಡಿಯ ಪೇಂಟ್ ಕೆರೆದು, ಅರ್ಥ್ ವೈರಿನ ತುದಿಗೆ ರಿಂಗ್ ಲಗ್ (ಲೋಹದ ಬಳೆ) ಒತ್ತಿ ಕ್ರಿಂಪ್ ಮಾಡಿ, ಹಲ್ಲಿರುವ ಸ್ಟಾರ್ ವಾಷರ್ ಸಮೇತ ಬಾಡಿಗೆ ಬಿಗಿದೆ. ಪ್ಲಗ್ಗಿನಲ್ಲಿ ಅರ್ಥ್ ವೈರನ್ನು ಉಳಿದೆರಡಕ್ಕಿಂತ ಉದ್ದ ಬಿಟ್ಟಿದ್ದೇನೆ. ಕೇಬಲ್ ಕಿತ್ತು ಬಂದರೂ ಅದು ಕೊನೆಗೆ ಬಿಡಬೇಕು.

ಆದರೆ ಅರ್ಥ್ ಕೂಡಿಸಿದ ತಕ್ಷಣ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಸಪ್ಲೈ ಕಡಿಯುವ ಸ್ವಿಚ್) ಟ್ರಿಪ್! ಪ್ಲಗ್ಗನ್ನು ಸಾಕೆಟ್ಟಿನಿಂದ ಕಿತ್ತು, ಲೈಟಿನ ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಸೇರಿಸಿ, ಅವಕ್ಕೂ ಬಾಡಿಗೂ ನಡುವೆ 500 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಿಡಿದರೆ ಬಹುತೇಕ ಸೊನ್ನೆ, ಅಂದರೆ ಕರೆಂಟ್ ಬಾಡಿಗೆ ಸೋರುತ್ತಿತ್ತು. ಅದೇ ಗ್ಲ್ಯಾಂಡಿನಿಂದ ನೀರು ಇಳಿದು ಟರ್ಮಿನಲ್ ಬ್ಲಾಕ್ ಹಸಿರುಗಟ್ಟಿತ್ತು. ಬ್ಲಾಕ್, ಗ್ಲ್ಯಾಂಡ್, ಗ್ಯಾಸ್ಕೆಟ್ ಮೂರನ್ನೂ ಬದಲಿಸಿ, ಒಂದು ದಿನ ಒಣಗಿಸಿದ ಮೇಲೆ 20 ಮೆಗಾಓಮ್ ಬಂತು, ಅಂದರೆ ಸೋರಿಕೆ ನಿಂತಿತು. ಪ್ಲಗ್ಗಿನ ಅರ್ಥ್ ಪಿನ್ನಿನಿಂದ ಬಾಡಿಗೆ 0.3 ಓಮ್, ಅಂದರೆ ಅರ್ಥ್ ಸರಿಯಾಗಿ ಕೂಡಿದೆ.

ಟ್ರಿಪ್ ಆಗುತ್ತದೆಂದು ಅರ್ಥ್ ವೈರು ಕತ್ತರಿಸಲು ಸಲಹೆ ಕೊಟ್ಟವರೂ ಇದ್ದರು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.