ಮೊದಲ ಬೈಕು ಯಾವುದಿರಲಿ? ಮೂರ್ನಾಡಿನ ಪ್ರಶ್ನೆಗೆ ಓದುಗರ ಸ್ಪಂದನ

ಮೂರ್ನಾಡು ಕಡೆಯ 23 ವರ್ಷದ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ಗೊಂದಲ ಹೇಳಿಕೊಂಡಿದ್ದರು. ಮಡಿಕೇರಿಯಲ್ಲಿ ಕೆಲಸ ಸಿಕ್ಕಿದೆ, ಸಂಜೆಯ ಬಸ್ಸನ್ನು ನೆಚ್ಚಿಕೊಳ್ಳುವಂತಿಲ್ಲ, ಆಯುಧಪೂಜೆಯ ಹೊತ್ತಿಗೆ ಸ್ವಂತ ಗಾಡಿ ಬೇಕು. ಎತ್ತರ ಐದಡಿ ಒಂದಿಂಚು. ಸ್ಕೂಟರ್ ಅಷ್ಟಿಷ್ಟು ಬರುತ್ತದೆ, ಗೇರಿನ ಗಾಡಿ ಓಡಿಸಿಲ್ಲ. ಮುಖ್ಯರಸ್ತೆಯಿಂದ ಮನೆಗೆ ತೋಟದ ಮಣ್ಣುದಾರಿ. ಅಪ್ಪ ಸ್ಕೂಟರ್ ಸಾಕು ಅನ್ನುತ್ತಾರೆ, ಅಣ್ಣ 350 ಸಿಸಿಗಿಂತ ಕಡಿಮೆ ಬೇಡ ಅನ್ನುತ್ತಾನೆ, ಆ ಓದುಗರಿಗೆ ಬೈಕು ಬೇಕು, ಆದರೆ ಯಾವುದೆಂದು ಗೊತ್ತಿಲ್ಲ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ತಂಗಿ, ಶೋರೂಮಿಗೆ ಹೋದವರೆಲ್ಲ ಮೊದಲು ಮೈಲೇಜ್ ಕೇಳುತ್ತಾರೆ, ಆಮೇಲೆ ಸಿಸಿ. ನೀವು ಗಾಡಿಯ ತೂಕ ಕೇಳಿ, ಸೀಟು ನೆಲದಿಂದ ಎಷ್ಟೆತ್ತರ ಎಂದು ಕೇಳಿ. ಹೀರೊ ಸ್ಪ್ಲೆಂಡರ್ ಪ್ಲಸ್ ಸುಮಾರು 112 ಕಿಲೊ, ಸೀಟಿನ ಎತ್ತರ 785 ಮಿ.ಮೀ. ಯಮಹಾ ಎಫ್‌ಝಡ್ 136 ಕಿಲೊ ಆಸುಪಾಸು, ಸೀಟು 790. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಅಂದರೆ 195 ಕಿಲೊ, ಸೀಟು 805. ಸೀಟಿನ ಎತ್ತರದಲ್ಲಿ ಎರಡು ಸೆಂಟಿಮೀಟರ್ ಹೆಚ್ಚುಕಡಿಮೆ ಅಷ್ಟೇ ಅನ್ನಿಸಬಹುದು. ಆದರೆ ಸೀಟು ಅಗಲವಾದಷ್ಟೂ ತೊಡೆ ಹೊರಕ್ಕೆ ಹೋಗುತ್ತದೆ, ಪಾದ ಮೇಲೇಳುತ್ತದೆ. ಹಾಗಾಗಿ ಕಾಗದದ ಮೇಲಿನ ಅಳತೆ ನಂಬಿ ಕೂರಬೇಡಿ, ದಿನಾ ಹಾಕುವ ಶೂ ಹಾಕಿಕೊಂಡೇ ಹೋಗಿ ಗಾಡಿ ಮೇಲೆ ಕೂತು ನೋಡಿ. ಎರಡೂ ಪಾದಗಳ ಮುಂಭಾಗವಾದರೂ ನೆಲಕ್ಕೆ ಭದ್ರವಾಗಿ ತಾಗಬೇಕು. ಬರೀ ಬೆರಳ ತುದಿ ತಾಗಿದರೆ ಆ ಗಾಡಿ ಬಿಡಿ.

ಇನ್ನೊಂದು ಪರೀಕ್ಷೆ ಇದೆ, ಇದನ್ನು ಯಾರೂ ಮಾಡುವುದಿಲ್ಲ. ಎಂಜಿನ್ ಆಫ್ ಇರುವಾಗ ಸಣ್ಣ ಇಳಿಜಾರಿನಲ್ಲಿ ಗಾಡಿಯನ್ನು ಹಿಂದಕ್ಕೆ ತಳ್ಳಿ ತಿರುಗಿಸಿ ನೋಡಿ. ನಮ್ಮ ಊರುಗಳಲ್ಲಿ ಸಮತಟ್ಟು ಜಾಗವೆಂದರೆ ಶಾಲೆಯ ಮೈದಾನ ಮಾತ್ರ. ಮನೆ ಅಂಗಳ, ಅಂಗಡಿ ಮುಂದೆ, ತೋಟದ ಗೇಟು, ಎಲ್ಲಿ ನಿಲ್ಲಿಸಿದರೂ ಏರೋ ಇಳಿಜಾರೋ ಇದ್ದೇ ಇರುತ್ತದೆ. ನನ್ನ ಶೆಡ್ಡಿಗೆ ಬರುವ ಹೊಸಬರ ಗಾಡಿಗಳಲ್ಲಿ ಮುರಿದಿರುವುದು ಹೆಚ್ಚಾಗಿ ಕ್ಲಚ್ ಲಿವರ್, ಇಂಡಿಕೇಟರ್, ಕನ್ನಡಿ. ಅವೆಲ್ಲ ವೇಗದಲ್ಲಿ ಬಿದ್ದವಲ್ಲ, ನಿಂತಲ್ಲೇ ವಾಲಿ ಬಿದ್ದವು. ವಾಲಿದ 112 ಕಿಲೊವನ್ನು ಹೊಸಬರು ಹಿಡಿದು ನಿಲ್ಲಿಸಬಹುದು, 195 ಕಿಲೊವನ್ನು ಹಿಡಿಯಲು ಹೋದರೆ ಸೊಂಟಕ್ಕೇ ಪೆಟ್ಟು.

ಇನ್ನು ಬ್ರೇಕು. 2019ರ ಏಪ್ರಿಲ್‌ನಿಂದ 125 ಸಿಸಿ ದಾಟಿದ ಎಲ್ಲ ಹೊಸ ಬೈಕುಗಳಿಗೂ ಎಬಿಎಸ್ ಕಡ್ಡಾಯ. ಅದಕ್ಕಿಂತ ಚಿಕ್ಕವಕ್ಕೆ ಆಗ ಸಿಬಿಎಸ್ ಇದ್ದರೆ ಸಾಕಿತ್ತು. ಸಿಬಿಎಸ್‌ನಲ್ಲಿ ಹಿಂದಿನ ಬ್ರೇಕ್ ತುಳಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ, ಆದರೆ ಚಕ್ರ ಲಾಕ್ ಆಗದಂತೆ ಅದು ತಡೆಯುವುದಿಲ್ಲ. ಎಬಿಎಸ್ ತಡೆಯುತ್ತದೆ. ಒದ್ದೆ ರಸ್ತೆಯಲ್ಲಿ ದನ ಅಡ್ಡ ಬಂದಾಗ ಹೊಸಬರ ಕೈ ಗಾಬರಿಯಿಂದ ಬ್ರೇಕನ್ನು ಪೂರ್ತಿ ಹಿಂಡಿಬಿಡುತ್ತದೆ, ಆಗ ಮುಂದಿನ ಚಕ್ರ ಜಾರಿದರೆ ಅನುಭವಸ್ಥರಿಗೂ ಗಾಡಿ ಬೀಳದಂತೆ ಹಿಡಿಯುವುದು ಕಷ್ಟ. ಈಗ ಕೆಲವು 125 ಬೈಕುಗಳಲ್ಲೂ ಮುಂದಿನ ಚಕ್ರಕ್ಕೆ ಎಬಿಎಸ್ ಕೊಡುತ್ತಿದ್ದಾರೆ. ಹೀರೊ ಎಕ್ಸ್‌ಟ್ರೀಮ್ 125ಆರ್‌ನಲ್ಲಿ ಆ ಮಾದರಿ ಇದೆ. ನನ್ನನ್ನು ಕೇಳಿದರೆ, 125ರಿಂದ 160 ಸಿಸಿ ಒಳಗೆ, 140 ಕಿಲೊ ದಾಟದ, ಮುಂದೆ ಡಿಸ್ಕ್ ಮತ್ತು ಎಬಿಎಸ್ ಇರುವ, ಟ್ಯೂಬ್‌ಲೆಸ್ ಟಯರಿನ ಯಾವ ಬೈಕಾದರೂ ನಿಮಗೆ ಸರಿ. ಕಂಪನಿ ಯಾವುದೆಂದು ನಿಮ್ಮ ಹತ್ತಿರದ ಸರ್ವಿಸ್ ಸೆಂಟರ್ ನೋಡಿ ತೀರ್ಮಾನಿಸಿ. ಒಂದು ಕೇಬಲ್ಲಿಗಾಗಿ ಮೈಸೂರಿಗೆ ಹೋಗುವಂತಾಗಬಾರದು.
— ಮೆಕ್ಯಾನಿಕ್, ಗೋಣಿಕೊಪ್ಪಲು

ನಿಮ್ಮ ಅಪ್ಪನ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಸ್ಕೂಟರಿನಲ್ಲಿ ಸೀಟಿನಡಿ ಟಿಫಿನ್ ಡಬ್ಬಿ ಹಿಡಿಸುತ್ತದೆ, ಮುಂದೆ ರೇಷನ್ ಚೀಲ ಇಡಬಹುದು. ಮಡಿಕೇರಿ ಪೇಟೆಯೊಳಗೆ ಅದಕ್ಕಿಂತ ಸುಲಭದ ಗಾಡಿ ಇಲ್ಲ.
— ಅಂಗಡಿ ಮಾಲೀಕರು, ಮಡಿಕೇರಿ

ನಾನು ಸೋಮವಾರಪೇಟೆ ಕಡೆ ಶಾಲಾ ಶಿಕ್ಷಕಿ. ಮೊದಲು ಸ್ಕೂಟರ್ ಇತ್ತು, ಈಗ 125ರ ಬೈಕು. ಬದಲಾಯಿಸಿದ್ದು ಚಕ್ರದ ಕಾರಣಕ್ಕೆ. ಸ್ಕೂಟರಿನ ಚಕ್ರ 10 ಅಥವಾ 12 ಇಂಚಿನದು, ಬೈಕಿನದು 17 ಅಥವಾ 18. ಮಳೆಗಾಲದಲ್ಲಿ ಗುಂಡಿಯ ತುಂಬ ಕೆಂಪು ನೀರು ನಿಂತಿರುವಾಗ ಅದರ ಆಳ ತಿಳಿಯುವುದಿಲ್ಲ. ದೊಡ್ಡ ಚಕ್ರ ಹತ್ತಿಳಿದುಬಿಡುತ್ತದೆ, ಸಣ್ಣ ಚಕ್ರ ಅಲ್ಲೇ ಮುಗ್ಗರಿಸುತ್ತದೆ. ಇಳಿಜಾರಿನಲ್ಲಿ ಗೇರು ಇಳಿಸಿದರೆ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ, ಬ್ರೇಕು ಬಿಸಿಯಾಗುವುದಿಲ್ಲ. ಸ್ಕೂಟರಿನಲ್ಲಿ ಆ ಹಿಡಿತ ಅಷ್ಟು ಸಿಗುವುದಿಲ್ಲ. ದಿನಾ ಸಂಜೆ ಮಡಿಕೇರಿಯಿಂದ ಮೇಕೇರಿ ಕಡೆಗೆ ಇಳಿಯಬೇಕಾದ ನಿಮಗೆ ಇದು ಸಣ್ಣ ವಿಷಯವಲ್ಲ.

ಆಯುಧಪೂಜೆಗೆ ಕೊಳ್ಳುವ ಯೋಚನೆ ಬಹಳ ಸರಿಯಾಗಿದೆ. ಮಳೆ ಇಳಿಮುಖವಾಗಿರುತ್ತದೆ, ಒಣ ರಸ್ತೆಯಲ್ಲಿ ಕಲಿಯಲು, ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆಯವರೆಗೂ ಸಮಯವಿದೆ. ಆ ಹೂಮಳೆಯ ದಿನ ಮಾತ್ರ ಎಚ್ಚರ. ತಿಂಗಳುಗಟ್ಟಲೆ ರಸ್ತೆಯಲ್ಲಿ ಕೂತ ದೂಳು, ಎಣ್ಣೆ ಎಲ್ಲ ಮೊದಲ ಹನಿಗಳಿಗೆ ಮೇಲೆದ್ದು ಟಾರು ಸೋಪು ಹಚ್ಚಿದಂತಾಗಿರುತ್ತದೆ. ಸ್ವಲ್ಪ ಹೊತ್ತು ಜೋರು ಮಳೆ ಸುರಿದು ತೊಳೆದುಹೋದ ಮೇಲೆ ಹೊರಡಿ. ಜುಲೈ ಆಗಸ್ಟಿನಲ್ಲಿ ಮರದ ನೆರಳಿನ ತಿರುವುಗಳಲ್ಲಿ ಪಾಚಿ ಕಟ್ಟುತ್ತದೆ, ಸಿಲ್ವರ್ ಓಕ್ ಎಲೆ ಒದ್ದೆಯಾಗಿ ಅಂಟಿಕೊಂಡಿರುತ್ತದೆ, ತೋಟದ ಗೇಟಿನೆದುರು ಟ್ರ್ಯಾಕ್ಟರ್ ತಂದ ಕೆಸರು ಇರುತ್ತದೆ. ಅಲ್ಲೆಲ್ಲ ಬ್ರೇಕನ್ನು ತಿರುವಿಗೆ ಮೊದಲೇ ಮುಗಿಸಿಕೊಳ್ಳಿ, ಗಾಡಿ ವಾಲಿರುವಾಗ ಹಿಡಿಯಬೇಡಿ. ಮಂಜು ಕವಿದಾಗ ಹೆಡ್‌ಲೈಟ್ ಡಿಮ್‌ನಲ್ಲಿರಲಿ. ಬ್ರೈಟ್ ಹಾಕಿದರೆ ಬೆಳಕು ಮಂಜಿಗೇ ಬಡಿದು ಕಣ್ಣಿಗೆ ವಾಪಸ್ ಬರುತ್ತದೆ.

ಒಂದು ವಿಷಯವನ್ನು ಹುಡುಗಿಯರಿಗೆ ಯಾರೂ ಹೇಳುವುದಿಲ್ಲ. ತೋಟದ ಗಮ್‌ಬೂಟು ಹಾಕಿಕೊಂಡು ಗೇರಿನ ಗಾಡಿ ಕಲಿಯಬೇಡಿ. ಅದರ ದಪ್ಪ ಮುಂಭಾಗ ಗೇರ್ ಲಿವರಿನಡಿ ಹೋಗುವುದಿಲ್ಲ, ಗೇರು ಎತ್ತಲು ಕಾಲು ನೋಡುತ್ತೀರಿ, ಅಷ್ಟರಲ್ಲಿ ರಸ್ತೆ ತಪ್ಪುತ್ತದೆ. ಹಿಮ್ಮಡಿ ಮುಚ್ಚುವ ಶೂ, ಕೈಗವಸು, ಪ್ಯಾಂಟು ಮೇಲಂಗಿ ಬೇರೆ ಬೇರೆ ಇರುವ ಮಳೆ ಅಂಗಿ ಕೊಳ್ಳಿ. ಉದ್ದನೆಯ ಒಂದೇ ತುಂಡಿನ ರೈನ್‌ಕೋಟ್ ಗಾಳಿಗೆ ಹಾರಿ ಚಕ್ರಕ್ಕೆ ಸಿಕ್ಕುವ ಭಯವಿದೆ. ಹೆಲ್ಮೆಟ್ ಐಎಸ್‌ಐ ಗುರುತಿನದು, ಮುಖ ಪೂರ್ತಿ ಮುಚ್ಚುವಂಥದು, ವೈಸರ್ ಬಣ್ಣವಿಲ್ಲದ್ದು. ಬೈಕಿಗೆಂದು ಇಟ್ಟ ಹಣದಲ್ಲೇ ಇವಕ್ಕೆ ಮೊದಲು ತೆಗೆದಿಡಿ, ಉಳಿದದ್ದರಲ್ಲಿ ಬೈಕು ನೋಡಿ. ನಾನು ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ನಮ್ಮ ಮನೆಗಳಲ್ಲಿ ಗಾಡಿಗೆ ಪೂಜೆ ತಪ್ಪುವುದಿಲ್ಲ, ಕೈಗವಸಿಗೆ ಮಾತ್ರ ದುಡ್ಡಿರುವುದಿಲ್ಲ.
— ಶಿಕ್ಷಕಿ, ಸೋಮವಾರಪೇಟೆ ತಾಲ್ಲೂಕು

ನಿಮ್ಮ ಅಣ್ಣನ ಪರವಾಗಿ ಎರಡು ಮಾತು. ನನ್ನ ಬಳಿ 350 ಇದೆ, ಪ್ರಾಣದಷ್ಟು ಪ್ರೀತಿ. ಓಡುತ್ತಿರುವಾಗ ಅದರ ತೂಕ ಗೊತ್ತೇ ಆಗುವುದಿಲ್ಲ, ಸಂಪಾಜೆ ಘಾಟಿಯಲ್ಲಿ ಕೆಳಗೇರಿನಲ್ಲೇ ಆರಾಮವಾಗಿ ಹತ್ತುತ್ತದೆ. ಆಸೆಯಿದ್ದರೆ ಖಂಡಿತ ತೆಗೆದುಕೊಳ್ಳಿ, ಆದರೆ ಎರಡನೇ ಬೈಕಾಗಿ. ಒಂದು ಮಳೆಗಾಲ ಚಿಕ್ಕ ಗಾಡಿಯಲ್ಲಿ ಕಳೆದವರ ಕೈಗೆ ಕ್ಲಚ್ಚು ಬ್ರೇಕು ಯೋಚಿಸದೆಯೇ ಬರುತ್ತದೆ, ಆಮೇಲೆ ದೊಡ್ಡ ಗಾಡಿಯ ಸುಖವೇ ಬೇರೆ. ಅಣ್ಣನಿಗೆ ಅಷ್ಟು ಇಷ್ಟವಿದ್ದರೆ ಅವನೇ ಒಂದು ಕೊಳ್ಳಲಿ, ಭಾನುವಾರ ನೀವು ಕೇಳಿ ಓಡಿಸಿ.
— ಕುಶಾಲನಗರದ ಓದುಗ

ಮಗಳೇ, ನಾನು ಸಿದ್ದಾಪುರದ ಹತ್ತಿರ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸ ಮಾಡಿದವನು. ಬೈಕಿನ ವಿಷಯ ಉಳಿದವರು ಹೇಳುತ್ತಾರೆ, ನಾನು ಆನೆಯ ವಿಷಯ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಎರಡೂ ಒಂದೇ. ಬೆಳಕು ಹರಿಯುವ ಮೊದಲು, ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ಆನೆ ಇರಬಹುದು ಎಂದೇ ತಿಳಿದು ಹೋಗಬೇಕು. ಹಲಸು ಹಣ್ಣಾಗುವ ಕಾಲದಲ್ಲಂತೂ ಇನ್ನೂ ಹೆಚ್ಚು. ದೂರದಲ್ಲಿ ಕಂಡ ಕೂಡಲೇ ನಿಲ್ಲಬೇಕು. ಹಾರ್ನ್ ಹೊಡೆಯಬಾರದು, ಪಕ್ಕದಲ್ಲಿ ನುಸುಳಿ ಹೋಗುತ್ತೇನೆ ಅನ್ನಬಾರದು, ಮರಿ ಇದ್ದರೆ ತಾಯಿ ಬೇಲಿಯಾಚೆ ಇರುತ್ತದೆ. ತಿರುಗಿಸಿಕೊಂಡು ಬಂದ ದಾರಿಯಲ್ಲೇ ಹೋಗಬೇಕು. ಒಂದು ಜೀಪು ಹಿಡಿಯುವಷ್ಟು ಅಗಲದ ಏರುದಾರಿಯಲ್ಲಿ, ಕೈಕಾಲು ನಡುಗುತ್ತಿರುವಾಗ, ನೀನು ಒಂದೇ ಸಲಕ್ಕೆ ತಿರುಗಿಸಬಲ್ಲ ಗಾಡಿ ಯಾವುದೋ ಅದನ್ನು ತಗೋ. ಸೈಲೆನ್ಸರ್ ಬದಲಾಯಿಸಿ ಸದ್ದು ಮಾಡಿಸುವವರ ಮಾತು ಕೇಳಬೇಡ. ಸಂಜೆ ಹೊರಡುವಾಗ ಮನೆಗೊಂದು ಫೋನ್ ಮಾಡು. ಆನೆ ಎಲ್ಲಿದೆ ಎಂದು ತೋಟದವರಿಗೆ ಗೊತ್ತಿರುತ್ತದೆ.

ನಿನ್ನ ಅಪ್ಪನಿಗೂ ಹೇಳು: ಸ್ಕೂಟರ್ ಕೊಡಿಸಿದರೂ ಅವರಿಗೆ ಭಯ ಹೋಗುವುದಿಲ್ಲ. ನನಗೂ ಹೆಣ್ಣುಮಕ್ಕಳಿದ್ದಾರೆ. ಮೊದಲ ಕೆಲವು ದಿನ ಅಪ್ಪನನ್ನು ಹಿಂದೆ ಕೂರಿಸಿಕೊಳ್ಳದೆ, ಅವರು ತಮ್ಮ ಗಾಡಿಯಲ್ಲಿ ನಿನ್ನ ಹಿಂದೆ ಬರುವ ಹಾಗೆ ಮಾಡು. ನೀನು ಓಡಿಸುವುದನ್ನು ಅವರು ಕಣ್ಣಾರೆ ನೋಡಲಿ.
— ಹಿರಿಯ ಓದುಗರು, ಸಿದ್ದಾಪುರ

ಲೈಸೆನ್ಸಿನ ಬಗ್ಗೆ ನೀವು ಬರೆದಿಲ್ಲ. ಸ್ಕೂಟರಿಗೆಂದು ಗೇರಿಲ್ಲದ ಗಾಡಿಯ ಲೈಸೆನ್ಸ್ ಮಾತ್ರ ಮಾಡಿಸಿದ್ದರೆ ಅದು ಬೈಕಿಗೆ ನಡೆಯುವುದಿಲ್ಲ, ಗೇರಿನ ವರ್ಗ ಸೇರಿಸಬೇಕು. ಎಲ್‌ಎಲ್‌ಆರ್, ಅಂದರೆ ಕಲಿಯುವವರ ಲೈಸೆನ್ಸ್, ಸಿಕ್ಕಿ 30 ದಿನ ಆದ ಮೇಲೆ ಟೆಸ್ಟಿಗೆ ಹೋಗಬಹುದು, ಎಲ್‌ಎಲ್‌ಆರ್ ಆರು ತಿಂಗಳು ನಡೆಯುತ್ತದೆ. ಆಯುಧಪೂಜೆಗೆ ಗಾಡಿ ಬೇಕೆಂದರೆ ಎಲ್‌ಎಲ್‌ಆರ್‌ಗೆ ಈಗಲೇ ಅರ್ಜಿ ಹಾಕಿ, ಯಾರದಾದರೂ ಹಳೆಯ 100 ಸಿಸಿ ಗಾಡಿಯಲ್ಲಿ, ಎಲ್ ಬೋರ್ಡ್ ಹಾಕಿ, ಗೊತ್ತಿರುವವರನ್ನು ಜೊತೆಗಿಟ್ಟುಕೊಂಡು ಕಲಿಯಿರಿ. ಟೆಸ್ಟಿನ ಎಂಟು ಹಾಕುವುದನ್ನು ಅಭ್ಯಾಸ ಮಾಡುವಾಗ ಕಣ್ಣು ಮುಂದಿನ ಚಕ್ರದ ಮೇಲೆ ಬೇಡ, ಹೋಗಬೇಕಾದ ಕಡೆ ಇರಲಿ. ಅರ್ಧ ಕ್ಲಚ್ಚು, ಹಿಂದಿನ ಬ್ರೇಕು ಹಗುರಾಗಿ. ನಮ್ಮ ಘಾಟಿಯ ಹೇರ್‌ಪಿನ್ನುಗಳಿಗೂ ಇದೇ ಪಾಠ.
— ಡ್ರೈವಿಂಗ್ ಶಾಲೆಯ ತರಬೇತುದಾರ, ವಿರಾಜಪೇಟೆ

ಬಜೆಟ್ಟು ಬಿಗಿಯಿದ್ದರೆ ಸೆಕೆಂಡ್ ಹ್ಯಾಂಡ್ ಕೂಡ ನೋಡಿ, ಆದರೆ 2019ರ ನಂತರದ, ಎಬಿಎಸ್ ಇರುವ ಗಾಡಿಯನ್ನೇ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಹೋಗಿ ಸ್ಟಾರ್ಟ್ ಮಾಡಿಸಿ, ಮೊದಲೇ ಬಿಸಿ ಮಾಡಿಟ್ಟಿದ್ದರೆ ಯಾಕೆಂದು ಕೇಳಿ. ಹ್ಯಾಂಡಲ್ ಎರಡೂ ಕಡೆಗೆ ತಡೆಯಿಲ್ಲದೆ ತಿರುಗಬೇಕು, ಮುಂದಿನ ಫೋರ್ಕಿನಲ್ಲಿ ಎಣ್ಣೆ ಸೋರಿರಬಾರದು, ಇಲ್ಲಿಯ ಮಳೆಯಲ್ಲಿ ನಿಂತ ಗಾಡಿಯಾದರೆ ಸೈಲೆನ್ಸರಿನ ಅಡಿಭಾಗದ ತುಕ್ಕು ನೋಡಿ. ಚೈನು ತೆರೆದಿರುವ ಬೈಕಾದರೆ ಮಳೆಗಾಲದಲ್ಲಿ ಮತ್ತೆ ಮತ್ತೆ ತೊಳೆದು ಎಣ್ಣೆ ಬಿಡುವ ಕೆಲಸ ನಿಮ್ಮದೇ. ಪೂರ್ತಿ ಮುಚ್ಚಿದ ಚೈನ್‌ಕವರ್ ಇರುವ ಗಾಡಿಗೆ ಆ ರಗಳೆ ಕಡಿಮೆ. ಆರ್‌ಸಿಯಲ್ಲಿರುವ ಎಂಜಿನ್, ಚಾಸಿ ನಂಬರು ಗಾಡಿಯ ಮೇಲಿನದಕ್ಕೆ ಹೊಂದಬೇಕು. ಗಾಡಿಯನ್ನು ನಿಮ್ಮ ಹೆಸರಿಗೆ ವರ್ಗಾಯಿಸುವ ಫಾರಂ 29 ಮತ್ತು 30ಕ್ಕೆ ಮಾರುವವರ ಸಹಿಯನ್ನು ಹಣ ಕೊಡುವ ದಿನವೇ ಪಡೆಯಿರಿ, ಇನ್ಶೂರೆನ್ಸನ್ನೂ ಕೂಡಲೇ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.
— ಪೊನ್ನಂಪೇಟೆಯ ಓದುಗರು